ಬಜ್ಪೆ ದುರಂತ: ಹೊಣೆ ನಿದ್ದೆಯೊಂದರದ್ದೇ?

2010ರ ಮೇ 22ರ ಬೆಳಗಿನ 6 ಗಂಟೆ 5 ನಿಮಿಷದ ಹೊತ್ತಿಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಮಾನವು ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇಯ ತುದಿಯನ್ನು ದಾಟಿ ಕೆಂಜಾರಿನ ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ತುಂಡಾದ ವಿಮಾನದ ಬಿರುಕಿನಿಂದ ಹೇಗೋ ಹೊರಬಿದ್ದ 8 ಮಂದಿ ಉಳಿದರು. ಸತ್ತವರಲ್ಲಿ ಬಹುಮಂದಿ ಕೊಲ್ಲಿ ನಾಡಿನಲ್ಲಿ ದುಡಿದು ಊರಿಗೆ ಬರುತ್ತಿದ್ದ ಕರಾವಳಿಯವರು, ಕಾಸರಗೋಡಿನವರು, ಅವರ ಹೆಂಡಿರು ಮಕ್ಕಳು. ಬೆಂಕಿಗೆ ಸಿಕ್ಕಿ ಕರಕಲಾದ 12 ದೇಹಗಳು ಯಾರವೆಂದು ಡಿಎನ್‌ಎ ಪರೀಕ್ಷೆಯಿಂದಲೂ ತಿಳಿಯದೆ, ಗುರುತಿಲ್ಲದೆಯೇ ಅವುಗಳನ್ನು ಮಣ್ಣು ಮಾಡಬೇಕಾಯಿತು.

ಆ ಬೆಳಿಗ್ಗೆ ಮಳೆ ಇರಲಿಲ್ಲ. ಗಾಳಿ ಶಾಂತವಾಗಿತ್ತು. ಆರು ಕಿಲೋಮೀಟರಿನವರೆಗೆ ಕಣ್ಣು ಹಾಯುತ್ತಿತ್ತು. ವಿಮಾನದ ಯಂತ್ರಗಳಲ್ಲಿಯೂ ದೋಷವಿರಲಿಲ್ಲ. ಹಾಗಿದ್ದ ಮೇಲೆ ಇಷ್ಟು ಜನ ಏಕೆ ಸತ್ತರು ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಇಂದು ಶಾಲೆಯ ಹುಡುಗನೂ ಹೇಳಬಲ್ಲ: ಪೈಲಟ್ ನಿದ್ದೆ ಮಾಡಿದ್ದ. ಈ ಉತ್ತರ ಸುಳ್ಳಲ್ಲ. ಆದರೆ ಅದು ಅರ್ಧ ದಾರಿಯಲ್ಲಿಯೇ ನಿಂತುಬಿಟ್ಟಿರುವ ಉತ್ತರ.

ಮೊದಲು ಆ ಅರ್ಧವನ್ನೇ ಸರಿಯಾಗಿ ನೋಡಬೇಕು. ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ವಿಚಾರಣಾ ನ್ಯಾಯಾಲಯವು ವಿಮಾನದ ಧ್ವನಿಮುದ್ರಿಕೆಯನ್ನು ಪರಿಶೀಲಿಸಿತು. ಎರಡು ಗಂಟೆ ಐದು ನಿಮಿಷಗಳ ಆ ಮುದ್ರಿಕೆಯಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್‌ರ ಮಾತೇ ಇಲ್ಲ. ಗೊರಕೆಯ ಸದ್ದು ಮಾತ್ರ ಇದೆ. ಎದ್ದ ಮೇಲೆ ಅವರು ವಿಮಾನವನ್ನು ಇಳಿಸತೊಡಗಿದಾಗ ಅದು ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡು ಪಟ್ಟು ಮೇಲಿತ್ತು. ರನ್‌ವೇಯ ಹೊಸ್ತಿಲನ್ನು 50 ಅಡಿ ಎತ್ತರದಲ್ಲಿ, 144 ನಾಟ್ ವೇಗದಲ್ಲಿ ದಾಟಬೇಕಾಗಿದ್ದ ವಿಮಾನವು ಸುಮಾರು 200 ಅಡಿ ಎತ್ತರದಲ್ಲಿ, 160 ನಾಟ್ ಮೀರಿದ ವೇಗದಲ್ಲಿ ದಾಟಿತು. ಸಹಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರು; ಇಳಿಸುವುದು ಬೇಡ, ಮೇಲೇರಿ ಒಂದು ಸುತ್ತು ಹಾಕಿ ಬರೋಣ ಎಂಬುದು ಅದರ ಅರ್ಥ. ವಿಮಾನದ ಎಚ್ಚರಿಕೆಯ ಯಂತ್ರವೂ ಮತ್ತೆ ಮತ್ತೆ ಕೂಗಿಕೊಂಡಿತು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. 8,033 ಅಡಿ ಉದ್ದದ ರನ್‌ವೇಯಲ್ಲಿ ಚಕ್ರಗಳು ಊರಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಉಳಿದದ್ದು 2,800 ಅಡಿ. ಬ್ರೇಕ್ ಹಾಕಿದ ಮೇಲೆ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಹವಣಿಸಿದರು. ಅದಕ್ಕೆ ಬೇಕಾದಷ್ಟು ನೆಲ ಮುಂದೆ ಉಳಿದಿರಲಿಲ್ಲ. ಊರಿದ ಕ್ಷಣದಲ್ಲಿಯೇ ಪೂರ್ಣ ಬಲದಿಂದ ಬ್ರೇಕ್ ಹಾಕಿ ಎಂಜಿನ್‌ಗಳ ಹಿಮ್ಮುಖ ಒತ್ತಡವನ್ನು ಬಳಸಿದ್ದರೆ ವಿಮಾನ ಗಟ್ಟಿನೆಲದ ಮೇಲೆಯೇ ನಿಲ್ಲುತ್ತಿತ್ತು ಎಂದೂ ವರದಿ ಹೇಳಿದೆ. ಆದುದರಿಂದ ಕ್ಯಾಪ್ಟನ್‌ರ ತಪ್ಪಿನ ಬಗ್ಗೆ ವಾದಕ್ಕೆ ಎಡೆಯಿಲ್ಲ. ಅವರನ್ನು ನಿರ್ದೋಷಿಯೆಂದು ತೋರಿಸುವುದು ಯಾರಿಗೂ ಬೇಕಾಗಿಲ್ಲ.

ಆದರೆ ಮಲೆನಾಡಿನ ತೋಟಗಳಲ್ಲಿ ಪ್ರತಿ ಮಳೆಗಾಲ ನಡೆಯುವುದನ್ನು ನೆನೆಯಿರಿ. ಕೊಳೆ ಔಷಧಿ ಹೊಡೆಯಲು ಪಾಚಿಗಟ್ಟಿದ ಅಡಕೆ ಮರ ಹತ್ತಿದವನು ಬೀಳುತ್ತಾನೆ. ‘ಕಾಲು ಜಾರಿತು’ ಎಂದು ಊರು ಹೇಳುತ್ತದೆ. ಕಾಲು ಜಾರಿದ್ದು ನಿಜವೇ. ಮಳೆ ಹೊಳವಾಗುವ ಮೊದಲೇ ಹತ್ತು ಎಂದವರು ಯಾರು, ಸೊಂಟಕ್ಕೆ ಹಗ್ಗ ಏಕಿರಲಿಲ್ಲ, ಹಿಂದಿನ ದಿನ ಎಷ್ಟು ಮರ ಹತ್ತಿಸಲಾಗಿತ್ತು ಎಂದು ಕೇಳುವವರು ವಿರಳ. ಸತ್ತವನ ಕಾಲಿನ ಮೇಲೆ ಹೊಣೆ ಹೊರಿಸಿದರೆ ಉಳಿದವರೆಲ್ಲ ಹಗುರಾಗಿ ಮನೆಗೆ ಹೋಗಬಹುದು. ಬಜ್ಪೆಯಲ್ಲಿ ಆದದ್ದೂ ಬಹುಮಟ್ಟಿಗೆ ಇದೇ.

ಆ ಸಿಬ್ಬಂದಿ ಮೇ 21ರ ರಾತ್ರಿ ಮಂಗಳೂರಿನಿಂದ ದುಬೈಗೆ ಹಾರಿ, ಅಲ್ಲಿ ತಂಗದೆ, ಅದೇ ರಾತ್ರಿ ಹಿಂದಿರುಗುತ್ತಿದ್ದರು. ನಸುಕಿನ ಮೂರರಿಂದ ಆರರವರೆಗೆ ಮನುಷ್ಯನ ದೇಹ ಎಷ್ಟು ಕುಸಿದಿರುತ್ತದೆಂಬುದು ಆನೆ ಕಾಯಲು ಗದ್ದೆಯ ಮಾಳದಲ್ಲಿ ಕುಳಿತ ರೈತನಿಗೆ ಯಾವ ಶಾಸ್ತ್ರವೂ ಹೇಳಿಕೊಡಬೇಕಾಗಿಲ್ಲ. ಗಾಢ ನಿದ್ದೆಯಿಂದ ಎದ್ದವನ ವಿವೇಚನೆ ಕೆಲಹೊತ್ತು ಮಂಕಾಗಿರುತ್ತದೆ. ವರದಿಯು ಇದನ್ನು ದುರಂತಕ್ಕೆ ಪೂರಕವಾದ ಕಾರಣಗಳಲ್ಲಿ ಒಂದೆಂದು ಎಣಿಸಿದೆ. ಹಾಗಾದರೆ ಪೈಲಟ್‌ಗಳ ದುಡಿಮೆಗೂ ವಿಶ್ರಾಂತಿಗೂ ನಿಯಮಗಳಿರಲಿಲ್ಲವೇ? ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2007ರಲ್ಲಿ ಹೊಸ ನಿಯಮಗಳನ್ನು ಹೊರಡಿಸಿತ್ತು. ವಿಮಾನ ಸಂಸ್ಥೆಗಳ ಆಕ್ಷೇಪಕ್ಕೆ ಮಣಿದು 2008ರಲ್ಲಿ ಅವುಗಳನ್ನು ತಡೆಹಿಡಿಯಿತು; ಹಳೆಯ ನಿಯಮವೇ ಮತ್ತೆ ಚಾಲ್ತಿಗೆ ಬಂತು. ಬಜ್ಪೆಯ ದುರಂತ ಮುಗಿದ ಮರುವರ್ಷ, 2011ರಲ್ಲಿ, ಇನ್ನೊಂದು ನಿಯಮಾವಳಿ ಬಂತು. 2007ರ ನಿಯಮ ಜಾರಿಯಲ್ಲಿದ್ದಿದ್ದರೆ ಆ ರಾತ್ರಿಯ ನಿದ್ದೆ ತಪ್ಪುತ್ತಿತ್ತೆಂದು ಯಾರೂ ಆಣೆಯಿಟ್ಟು ಹೇಳಲಾರರು. ಆದರೆ ನಿದ್ದೆಯನ್ನು ಒಬ್ಬನ ದೌರ್ಬಲ್ಯವೆಂದು ಜರೆದ ಆಡಳಿತವೇ ಅದನ್ನು ಎರಡು ವರ್ಷ ಹಿಂದೆ ಲಾಭನಷ್ಟದ ಲೆಕ್ಕವಾಗಿ ಕಂಡಿತ್ತೆಂಬುದು ಕಾಗದದ ಮೇಲಿರುವ ಸಂಗತಿ. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದಾಗ ರಾತ್ರಿ ಪಾಳಿಯ ಹೊಸ ಮಿತಿಗಳಿಂದ ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಟ್ಟದ್ದನ್ನು ನೋಡಿದರೆ, ಆ ಲೆಕ್ಕದ ಪುಸ್ತಕ ಇನ್ನೂ ಮುಚ್ಚಿಲ್ಲವೆಂದೇ ಹೇಳಬೇಕು.

ಇನ್ನು ರೇಡಾರ್. ಮಂಗಳೂರಿನ ರೇಡಾರ್ ಮೇ 20ರಿಂದ ಕೆಟ್ಟು ಕುಳಿತಿತ್ತು. ಸಹಪೈಲಟ್ ಸಾಕಷ್ಟು ದೂರದಿಂದಲೇ ಕೆಳಗಿಳಿಯಲು ಅನುಮತಿ ಕೇಳಿದರೂ, ರೇಡಾರ್ ಇಲ್ಲದ ಕಾರಣ ಬೇರೆ ವಿಮಾನಗಳಿಂದ ಅಂತರ ಕಾಯಬೇಕೆಂದು, ನಿಲ್ದಾಣಕ್ಕೆ ಇನ್ನಷ್ಟು ಹತ್ತಿರ ಬಂದ ಮೇಲಷ್ಟೇ ಅನುಮತಿ ಸಿಕ್ಕಿತು. ವಿಮಾನ ವಿಪರೀತ ಎತ್ತರದಲ್ಲಿ ಉಳಿದದ್ದಕ್ಕೆ ಇದೂ ಒಂದು ಮೂಲ. ಎಚ್ಚರವಾಗಿದ್ದ ಪೈಲಟ್ ಇದನ್ನು ಸರಿಪಡಿಸಿಕೊಳ್ಳಬಹುದಿತ್ತು, ಆ ಮಾತು ಬೇರೆ.

ಸಹಪೈಲಟ್‌ರ ವಿಷಯ ಇದಕ್ಕಿಂತ ಕಠಿಣವಾದದ್ದು. ಅಪಾಯವನ್ನು ಅವರು ಕಂಡಿದ್ದರು, ಹೇಳಿದ್ದರು, ಮೂರು ಸಲ ಹೇಳಿದ್ದರು. ಆದರೆ ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಬಜ್ಪೆಯಂಥ ಕ್ಲಿಷ್ಟ ನಿಲ್ದಾಣದಲ್ಲಿ ವಿಮಾನ ಇಳಿಸುವ ಅಧಿಕಾರ ಕ್ಯಾಪ್ಟನ್‌ಗೆ ಮಾತ್ರ. ಕ್ಯಾಪ್ಟನ್ ಕೇಳದೆ ಹೋದಾಗ ಸಹಪೈಲಟ್ ಯಾವ ಕ್ಷಣದಲ್ಲಿ ಏನು ಮಾಡಬಹುದೆಂಬ ಬಗ್ಗೆ ಸೂಚನೆಗಳು ಸ್ಪಷ್ಟವಾಗಿರಲಿಲ್ಲವೆಂದು ವರದಿಯೇ ಒಪ್ಪಿದೆ. ಕಿರಿಯನ ಬಾಯಿಗೆ ಎಚ್ಚರಿಸುವ ಕರ್ತವ್ಯವನ್ನು ಕೊಟ್ಟು, ಕೈಗೆ ತಡೆಯುವ ಅಧಿಕಾರವನ್ನು ಕೊಡದ ವ್ಯವಸ್ಥೆಯಿದು. ಸರ್ಕಾರಿ ಕಚೇರಿಗಳನ್ನು ಬಲ್ಲವರಿಗೆ ಹೊಸದೇನಲ್ಲ.

ಇಷ್ಟರವರೆಗಿನ ಕಾರಣಗಳೆಲ್ಲ ಆಕಾಶದಲ್ಲಿ, ಕಚೇರಿಯಲ್ಲಿ ನಡೆದವು. ವಿಮಾನ ಬಿದ್ದದ್ದು ನೆಲದ ಮೇಲೆ. ನೆಲದ ಕಥೆಯನ್ನು ಬಿಟ್ಟು ಈ ದುರಂತವನ್ನು ಅರ್ಥ ಮಾಡಿಕೊಳ್ಳಲು ಸಾಧ್ಯವಿಲ್ಲ.

ಬಜ್ಪೆಯ ಸುತ್ತಲಿನ ಪದವುಗಳನ್ನು ಬಲ್ಲವರಿಗೆ ಅವುಗಳ ಸ್ವಭಾವ ಗೊತ್ತು. ಮೇಲೆ ಮುರಕಲ್ಲಿನ ಗಟ್ಟಿ ಹೊದಿಕೆ, ಅಂಚಿನಲ್ಲಿ ತಟಕ್ಕನೆ ಇಳಿಯುವ ದರೆ, ಬುಡದಲ್ಲಿ ಒರತೆ, ಗದ್ದೆ, ತೆಂಗು ಅಡಕೆ. 1951ರಲ್ಲಿ ಇಂಥ ಪದವಿನ ಮೇಲೆ ನಿಲ್ದಾಣ ಆರಂಭವಾದಾಗ ಬರುತ್ತಿದ್ದುದು ಸಣ್ಣ ವಿಮಾನಗಳು. ಹಳೆಯ ರನ್‌ವೇಯ ಉದ್ದ 1,615 ಮೀಟರ್. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಒದ್ದೆಯಾಗಿದ್ದ ಆ ರನ್‌ವೇಯನ್ನು ಮೀರಿ ಅಂಚಿನಲ್ಲಿ ನಿಂತಿತು. ಯಾರೂ ಸಾಯಲಿಲ್ಲ. ದೊಡ್ಡ ಜೆಟ್‌ಗಳಿಗಾಗಿ 2,450 ಮೀಟರಿನ ಹೊಸ ರನ್‌ವೇ ಬೇಕೆಂದಾಗ ಗುಡ್ಡದ ನೆತ್ತಿಯನ್ನು ತರಿದು, ತಗ್ಗನ್ನು ತುಂಬಿ, ಅದನ್ನು ನಿರ್ಮಿಸಲಾಯಿತು. 2006ರಲ್ಲಿ ಅದು ತೆರೆಯಿತು. ಇಂಥದಕ್ಕೆ ಟೇಬಲ್‌ಟಾಪ್ ಎಂಬ ಹೆಸರಿದೆ. ಮೇಜು ಎಂದಾಗ ಮನಸ್ಸಿಗೆ ಬರುವುದು ಸಮತಟ್ಟು, ಅಂಚಲ್ಲ. ಹೆಸರಿಟ್ಟವರು ಜಾಣರು.

ಸ್ಥಳೀಯರು ಈ ಅಂಚನ್ನು ಕುರಿತು ಮಾತಾಡಿದ್ದರು. ವಿಮಾನ ನಿಲ್ದಾಣ ವಿಸ್ತರಣೆ ವಿರೋಧಿ ಸಮಿತಿಯವರೂ ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್‌ನವರೂ 1997ರಲ್ಲಿ ಒಮ್ಮೆ, 2002ರಲ್ಲಿ ಮತ್ತೊಮ್ಮೆ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದರು. ರನ್‌ವೇಯ ತುದಿಗಳಲ್ಲಿ ಆಳವಾದ ಕಣಿವೆಗಳಿವೆ, ವಿಮಾನ ಮೀರಿ ಹೋದರೆ ನಿಲ್ಲಲು ಜಾಗವಿಲ್ಲ, ತುರ್ತಿನಲ್ಲಿ ರಕ್ಷಣಾ ವಾಹನ ಹೋಗಲು ದಾರಿಯಿಲ್ಲ ಎಂಬುದು ಅವರ ವಾದದ ತಿರುಳು. ಎರಡೂ ಅರ್ಜಿಗಳು ವಜಾ ಆದವು. ಸುಪ್ರೀಂ ಕೋರ್ಟಿಗೆ ಹೋದಾಗ, 2003ರಲ್ಲಿ, ಸರ್ಕಾರಗಳು ಅನ್ವಯಿಸುವ ಎಲ್ಲ ಕಾನೂನುಗಳನ್ನೂ ಪರಿಸರದ ನಿಯಮಗಳನ್ನೂ ಪಾಲಿಸಬೇಕೆಂದು ಹೇಳಿ ಆ ಅರ್ಜಿಯನ್ನೂ ಮುಗಿಸಲಾಯಿತು. ಆ ದಿನಗಳಲ್ಲಿ ಈ ಜನರಿಗೆ ಸಿಕ್ಕ ಬಿರುದು ಅಭಿವೃದ್ಧಿ ವಿರೋಧಿಗಳು ಎಂಬುದು. ವಿಮಾನವೇ ಬೇಡವೆಂದು ಅವರು ಹೇಳಿರಲಿಲ್ಲ. ಮಗನೋ ಅಳಿಯನೋ ಕೊಲ್ಲಿಯಲ್ಲಿರುವ ಮನೆಗಳ ನಾಡು ಅದು. ವಿಮಾನದ ಅಗತ್ಯವನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಅವರು ಎತ್ತಿದ ಪ್ರಶ್ನೆಯ ಅಳತೆ ಇಷ್ಟು. ರನ್‌ವೇ ಮುಗಿದ ಮೇಲೆ 60 ಮೀಟರ್ ಪಟ್ಟಿ, ಅದರಾಚೆ ಕನಿಷ್ಠ 90 ಮೀಟರ್ ಸುರಕ್ಷತಾ ಪ್ರದೇಶ ಇರಲೇಬೇಕೆಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಕಟ್ಟಳೆ. 240 ಮೀಟರ್ ಇರುವುದು ಸೂಕ್ತವೆಂಬುದು ಅದೇ ಸಂಘಟನೆಯ ಶಿಫಾರಸು. ಬಜ್ಪೆಯಲ್ಲಿ ಇದ್ದದ್ದು 90. ಅಂದರೆ ಕಾನೂನಿನ ಕಣ್ಣಿಗೆ ಎಲ್ಲವೂ ಸರಿಯಾಗಿತ್ತು. ಬಯಲು ಸೀಮೆಯ ನಿಲ್ದಾಣದಲ್ಲಿ 90 ಮೀಟರಿನ ಆಚೆಗೂ ನೆಲ ಇರುತ್ತದೆ: ಹೊಲವೋ ಬೇಲಿಯೋ ರಸ್ತೆಯೋ. ಅಲ್ಲಿ ಕನಿಷ್ಠ ಮಿತಿ ಒಂದು ಗೆರೆ. ಗುಡ್ಡದ ಮೇಲೆ ಅದೇ ಮಿತಿ ನೆಲದ ಕೊನೆ. ಗೆರೆಗೂ ಕೊನೆಗೂ ಇರುವ ವ್ಯತ್ಯಾಸವನ್ನು ಅಳೆಯದೆ ಎರಡಕ್ಕೂ ಒಂದೇ ಅಂಕಿಯನ್ನು ಅನ್ವಯಿಸಿದ್ದು ಎಂಜಿನಿಯರಿಂಗ್ ಅಲ್ಲ, ಗುಮಾಸ್ತಿಕೆ. ಇಳಿಜಾರಿನಲ್ಲಿ ಗದ್ದೆ ಮಾಡುವ ಅನಕ್ಷರಸ್ಥ ರೈತನೂ ಕೆಳಗೆ ದರೆ ಇರುವ ಕಡೆ ಬದುವನ್ನು ಹೆಚ್ಚು ಅಗಲ ಬಿಡುತ್ತಾನೆ. ಬಯಲಿನ ಬದುವಿನ ಅಳತೆಯನ್ನು ಅಲ್ಲಿಗೆ ತರುವುದಿಲ್ಲ.

ಆ ಬೆಳಿಗ್ಗೆ ವಿಮಾನವು ರನ್‌ವೇಯನ್ನು ದಾಟಿ, ತಡೆಯಲೆಂದು ಹಾಸಿದ್ದ ಮರಳನ್ನೂ ದಾಟಿ ಮುಂದೆ ಹೋಯಿತು. ಅಲ್ಲಿ ಇಳಿದಾಣದ ದಿಕ್ಕು ತೋರಿಸುವ ಲೋಕಲೈಜರ್ ಆಂಟೆನಾ ಇತ್ತು. ನೆಲ ಇಳಿಜಾರಾದುದರಿಂದ ಆಂಟೆನಾವನ್ನು ಕಾಂಕ್ರೀಟಿನ ಕಟ್ಟೆಯ ಮೇಲೆ ಎತ್ತರಿಸಿ ನಿಲ್ಲಿಸಲಾಗಿತ್ತು. ರನ್‌ವೇಯ ತುದಿಯಲ್ಲಿ ನಿಲ್ಲಿಸುವ ಯಾವ ವಸ್ತುವೂ ತಾಗಿದೊಡನೆ ಮುರಿದುಬೀಳುವಂತಿರಬೇಕು. ಇದು ಮುರಿಯಲಿಲ್ಲ, ಮುರಿದದ್ದು ವಿಮಾನದ ಬಲರೆಕ್ಕೆ. ರೆಕ್ಕೆಯಲ್ಲಿ ಇಂಧನವಿರುತ್ತದೆ. ಬೇಲಿಯನ್ನು ಹರಿದು ಕಣಿವೆಗೆ ಬಿದ್ದ ವಿಮಾನ ಹೊತ್ತಿ ಉರಿಯಿತು. ಬೆಂಕಿ ಆರಿಸುವ ವಾಹನಗಳು ಹೊರಗಿನ ಇಕ್ಕಟ್ಟಾದ, ತಿರುವುಮುರುವಾದ ಹಳ್ಳಿಯ ದಾರಿಯಲ್ಲಿ ಸುತ್ತಿ ಬರಬೇಕಾಯಿತು. ಮೊದಲು ಓಡಿ ಬಂದವರಲ್ಲಿ ಆ ಕಣಿವೆಯ ಹಳ್ಳಿಗರಿದ್ದರು. ಎಂಟು ವರ್ಷ ಹಿಂದಿನ ಅರ್ಜಿಯಲ್ಲಿ ಬರೆದಿದ್ದ ದಾರಿಯ ಮಾತು ಹೀಗೆ ನಿಜವಾಯಿತು.

ಇದಕ್ಕೆ ಎದುರು ವಾದವಿದೆ, ಅದನ್ನು ತಳ್ಳಿಹಾಕಬಾರದು. ಆ ರನ್‌ವೇಯಲ್ಲಿ ನಾಲ್ಕು ವರ್ಷ ಅಸಂಖ್ಯ ವಿಮಾನಗಳು ಸುರಕ್ಷಿತವಾಗಿ ಇಳಿದಿದ್ದವು. 737ಕ್ಕೆ 8,000 ಅಡಿ ಸಾಲದೆಂದು ಹೇಳಲಾಗದು. ಕಣಿವೆ ವಿಮಾನವನ್ನು ಎಳೆದುಕೊಳ್ಳಲಿಲ್ಲ. 240 ಮೀಟರ್ ಇದ್ದಿದ್ದರೆ ಅಷ್ಟು ವೇಗದಲ್ಲಿದ್ದ ವಿಮಾನ ನಿಲ್ಲುತ್ತಿತ್ತೆಂದು ಯಾರೂ ಖಚಿತವಾಗಿ ಹೇಳಲಾರರು. ಅರ್ಜಿದಾರರು ನಿದ್ದೆಗೆಟ್ಟ ಪೈಲಟ್‌ನನ್ನು ಊಹಿಸಿರಲೂ ಇಲ್ಲ. ಇವೆಲ್ಲ ಸರಿ. ಆದರೆ ಸುರಕ್ಷತಾ ಪ್ರದೇಶವೆಂಬುದು ತಪ್ಪು ಮಾಡದ ಪೈಲಟ್‌ಗಾಗಿ ಇರುವುದಲ್ಲ. ತಪ್ಪು ಮಾಡದವನಿಗೆ ಅದು ಎಂದಿಗೂ ಬೇಡ. ಮನುಷ್ಯ ಎಂದಾದರೂ ತಪ್ಪುತ್ತಾನೆ ಎಂಬ ಒಂದೇ ತಿಳಿವಳಿಕೆಯಿಂದ ಆ ಜಾಗವನ್ನು ಬಿಡಲಾಗುತ್ತದೆ. ಆಮೇಲೆ, ಅಪಘಾತವಾದಾಗ, ‘ಮನುಷ್ಯನ ತಪ್ಪು’ ಎಂದು ಕೈತೊಳೆದುಕೊಳ್ಳುವುದು ಹೇಗೆ? ತಪ್ಪು ಕ್ಯಾಪ್ಟನ್‌ರದ್ದು. ಆ ತಪ್ಪಿಗೆ ತೆರಬೇಕಾದ ಬೆಲೆ ಮುರಿದ ಚಕ್ರವೋ 158 ಜೀವವೋ ಎಂಬುದನ್ನು ನಿರ್ಧರಿಸಿದ್ದರಲ್ಲಿ ಸ್ಥಳ ಆರಿಸಿದವರ, ಕಟ್ಟೆ ಕಟ್ಟಿದವರ, ಕನಿಷ್ಠವೇ ಸಾಕೆಂದು ಸಹಿ ಹಾಕಿದವರ ಪಾಲೂ ಇದೆ.

ಒಂದೇ ಸಲ ಆಗಿದ್ದರೆ ಇದನ್ನು ಅತಿವಾದವೆನ್ನಬಹುದಿತ್ತು. 2020ರ ಆಗಸ್ಟ್ 7ರ ಮಳೆಯ ರಾತ್ರಿ, ಅದೇ ಸಂಸ್ಥೆಯ ಅದೇ ಮಾದರಿಯ ವಿಮಾನ, ಅದೇ ದುಬೈಯಿಂದ ಬಂದು, ಕೇರಳದ ಕೋಯಿಕ್ಕೋಡಿನ ಟೇಬಲ್‌ಟಾಪ್ ರನ್‌ವೇಯ ಅರ್ಧ ಕಳೆದ ಮೇಲೆ ನೆಲ ಮುಟ್ಟಿ, ತುದಿ ದಾಟಿ, ಕೆಳಗೆ ಬಿದ್ದು ತುಂಡಾಯಿತು. 190 ಮಂದಿಯಲ್ಲಿ 21 ಮಂದಿ ಸತ್ತರು. ಇಬ್ಬರು ಪೈಲಟ್‌ಗಳೂ ಅವರಲ್ಲಿದ್ದರು. ಅಲ್ಲಿಯೂ ಸಹಪೈಲಟ್ ‘ಗೋ ಅರೌಂಡ್’ ಎಂದಿದ್ದರು. ಕ್ಯಾಪ್ಟನ್ ಕೇಳಲಿಲ್ಲ. ಬಜ್ಪೆಯ ದುರಂತದ ಮರುವರ್ಷವೇ ಕೋಯಿಕ್ಕೋಡಿನ ಅಪಾಯವನ್ನು ಕುರಿತು ವಿಮಾನ ಸುರಕ್ಷತಾ ತಜ್ಞ ಕ್ಯಾಪ್ಟನ್ ಮೋಹನ್ ರಂಗನಾಥನ್ ಬರಹದಲ್ಲಿ ಎಚ್ಚರಿಸಿದ್ದರು. ತನಿಖಾ ವರದಿ ಈ ಸಲವೂ ಪೈಲಟ್‌ನ ತಪ್ಪನ್ನೇ ಮುಖ್ಯ ಕಾರಣವೆಂದಿತು. ಒಳಪುಟಗಳಲ್ಲಿ ಇನ್ನೊಂದು ಸಂಗತಿಯಿತ್ತು: ಆ ನೆಲೆಯಲ್ಲಿ ಕ್ಯಾಪ್ಟನ್‌ಗಳ ಕೊರತೆಯಿತ್ತು, ಮರುದಿನ ಬೆಳಗಿನ ವಿಮಾನವನ್ನೂ ಅದೇ ಕ್ಯಾಪ್ಟನ್ ಹಾರಿಸಬೇಕಾಗಿತ್ತು. ಬೇರೆ ನಿಲ್ದಾಣಕ್ಕೆ ತಿರುಗಿಸಿದರೆ ಬೆಳಗಿನ ವೇಳಾಪಟ್ಟಿ ತಪ್ಪುತ್ತಿತ್ತು.

ಸತ್ತವರ ಮನೆಗಳಿಗೆ ಹೊಣೆಗಾರಿಕೆಯೆಂಬುದು ಬಂದದ್ದು ಮುಖ್ಯವಾಗಿ ಪರಿಹಾರದ ಮೊತ್ತವಾಗಿ. ಭಾರತ 2009ರಲ್ಲಿ ಮಾಂಟ್ರಿಯಲ್ ಒಪ್ಪಂದವನ್ನು ಒಪ್ಪಿಕೊಂಡಿದ್ದರಿಂದ ಮಂಗಳೂರಿನ ಸಂತ್ರಸ್ತರಿಗೆ ಅದು ಅನ್ವಯಿಸಿತು. ಆದರೂ ಪ್ರತಿ ಪ್ರಯಾಣಿಕನಿಗೆ ಸಲ್ಲಬೇಕಾದ ಕನಿಷ್ಠ ಮೊತ್ತವಿದೆಯೇ ಇಲ್ಲವೇ ಎಂಬುದನ್ನೇ ಕೇರಳ ಹೈಕೋರ್ಟಿನಲ್ಲಿ ವಾದಿಸಬೇಕಾಯಿತು: 2011ರಲ್ಲಿ ಏಕಸದಸ್ಯ ಪೀಠ ಒಂದು ಕುಟುಂಬಕ್ಕೆ 75 ಲಕ್ಷ ರೂಪಾಯಿ ಕೊಡಬೇಕೆಂದಿತು, ವಿಭಾಗೀಯ ಪೀಠ ಅದನ್ನು ತಳ್ಳಿತು. ಇನ್ನೊಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ, ಹತ್ತು ವರ್ಷದ ನಂತರ. ಸತ್ತವನ ಸಂಬಳವೇ ಈ ಲೆಕ್ಕದ ಆಧಾರವಾದುದರಿಂದ ದೊಡ್ಡ ಹುದ್ದೆಯವನ ಮನೆಗೂ ಅಂಗಡಿಯಲ್ಲಿ ದುಡಿದವನ ಮನೆಗೂ ಅಜಗಜಾಂತರ. ಮತ್ತು ಈ ಹಣವೆಲ್ಲ ವಿಮಾನ ಸಂಸ್ಥೆಯ ಕಡೆಯಿಂದ ಬರುವಂಥದು. ಗುಡ್ಡವನ್ನು ಆರಿಸಿದವರ ಹೆಸರು ಯಾವ ತೀರ್ಪಿನಲ್ಲೂ ಎದುರುವಾದಿಯ ಜಾಗದಲ್ಲಿ ನಿಂತು ಉತ್ತರ ಹೇಳಲಿಲ್ಲ.

ಬಜ್ಪೆ ಮಲೆನಾಡಿನಿಂದ ದೂರವಲ್ಲ. ಘಟ್ಟದ ಮೇಲೂ ವಿಮಾನ ಇಳಿಯಬೇಕೆಂಬ ಆಸೆ ಹೊಸದೂ ಅಲ್ಲ. 2023ರಲ್ಲಿ ತೆರೆದ ಶಿವಮೊಗ್ಗದ ನಿಲ್ದಾಣಕ್ಕೆ ಸೋಗಾನೆಯ ಬಯಲು ಸಿಕ್ಕಿತು. ಎಲ್ಲ ಊರಿಗೂ ಅಂಥ ಬಯಲಿಲ್ಲ. ಸಿಕ್ಕಿಂನ ಪಾಕ್ಯಾಂಗ್‌ನಲ್ಲಿ ಬೆಟ್ಟದ ಮೈಯನ್ನು ಭಾರಿ ಗೋಡೆಗಳಿಂದ ಹಿಡಿದು ನಿಲ್ಲಿಸಿ 2018ರಲ್ಲಿ ತೆರೆದ ನಿಲ್ದಾಣದಿಂದ 2019ರ ಜೂನ್‌ನಲ್ಲಿಯೇ ಸಂಚಾರ ನಿಂತು, ಮತ್ತೆ ಆರಂಭವಾಗಲು 2021 ಬರಬೇಕಾಯಿತು. ವಿಮಾನ ನಿಲ್ದಾಣದ ಮಾತು ಯಾವ ಗುಡ್ಡದ ಬಗ್ಗೆ ಬಂದರೂ, ಹೆದ್ದಾರಿ, ಸುರಂಗ, ಅಣೆಕಟ್ಟಿನ ಮಾತು ಬಂದರೂ, ಹಳ್ಳಿಯವರು ಕೇಳಬೇಕಾದ ಪ್ರಶ್ನೆಗಳನ್ನು ಕೆಂಜಾರಿನ ಕಣಿವೆ ಕಲಿಸಿಕೊಟ್ಟಿದೆ.

2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ವಿಮಾನ ನಿಲ್ದಾಣಗಳೂ ಸೇರಿವೆ. ಹೊಸ ನಿಲ್ದಾಣಕ್ಕೆ ಸಾರ್ವಜನಿಕ ಆಲಿಕೆ ನಡೆದಾಗ ಹಳ್ಳಿಗರ ಬಾಯಿಂದ ಸಾಮಾನ್ಯವಾಗಿ ಹೊರಡುವುದು ಜಮೀನಿನ ದರ, ಮನೆಗೊಂದು ನೌಕರಿ. ಅವು ನ್ಯಾಯವಾದ ಬೇಡಿಕೆಗಳೇ. ಅವುಗಳ ಜೊತೆಗೆ ವಿದ್ಯಾರ್ಥಿಗಳು ಯೋಜನಾ ನಕ್ಷೆಯನ್ನು ಬಿಡಿಸಿ ಹರಡಿ, ರನ್‌ವೇಯ ಎರಡೂ ತುದಿಗಳಿಂದ ದರೆಯ ಅಂಚಿಗೆ ಎಷ್ಟು ಮೀಟರ್ ಎಂದು ಅಳೆಯಲಿ. ಶಿಫಾರಸಿನ ಅಳತೆಯನ್ನು ಬಿಟ್ಟು ಕನಿಷ್ಠದ ಅಳತೆಯನ್ನೇ ಹಿಡಿದಿದ್ದರೆ ಕಾರಣ ಕೇಳಲಿ. ಅಂಚಿನಲ್ಲಿ ಯಾವ ಕಟ್ಟಡ, ಯಾವ ಕಂಬ ನಿಲ್ಲಲಿದೆ, ಅದು ತಾಗಿದರೆ ಮುರಿಯುವುದೋ ಇಲ್ಲವೋ ಕೇಳಲಿ. ಕೆಳಗಿನ ಕಣಿವೆಗೆ ಬೆಂಕಿ ಆರಿಸುವ ವಾಹನ ಯಾವ ದಾರಿಯಿಂದ ಎಷ್ಟು ನಿಮಿಷದಲ್ಲಿ ಬರುತ್ತದೆಂದು ಗಡಿಯಾರ ಹಿಡಿದು ತೋರಿಸಲು ಹೇಳಲಿ. ‘ಎಲ್ಲ ನಿಯಮ ಪಾಲಿಸಲಾಗುವುದು’ ಎಂಬ ಉತ್ತರವನ್ನು ಒಪ್ಪಬಾರದು. 2003ರಲ್ಲಿ ಸಿಕ್ಕಿದ್ದೂ ಅಷ್ಟೇ. ಪ್ರತಿ ಉತ್ತರವೂ ನಡಾವಳಿಯಲ್ಲಿ ದಾಖಲಾಗಬೇಕು, ಕೊಟ್ಟ ಅಧಿಕಾರಿಯ ಹೆಸರು ಮತ್ತು ಹುದ್ದೆಯ ಸಮೇತ, ಮತ್ತು ಅದರ ಒಂದು ದೃಢೀಕೃತ ಪ್ರತಿ ಆಯಾ ಗ್ರಾಮ ಪಂಚಾಯಿತಿಯ ಕಪಾಟಿನಲ್ಲಿ ಇರಬೇಕು.